ಸೊಂಟ ನೋವಿನವನ ಸೀಟಿನ ಲೆಕ್ಕ: ಹಳೇ ವಿಮಾನಗಳಲ್ಲಿ ನನ್ನ ಅನುಭವ

ಹೋದ ತಿಂಗಳು ದೆಹಲಿಯಲ್ಲಿ ಇಳಿದಾಗ ಯಾರ ಕೈಯನ್ನೂ ಹಿಡಿಯದೆ ಎದ್ದೆ. ಮೇಲಿನ ಬ್ಯಾಗನ್ನು ನಾನೇ ಇಳಿಸಿಕೊಂಡೆ. ಬೆಂಗಳೂರಿನಿಂದ ಎರಡು ಮುಕ್ಕಾಲು ಗಂಟೆ ಕೂತು ಬಂದಿದ್ದೆ. ಸೊಂಟದ ಡಿಸ್ಕ್ ತೊಂದರೆ ಇರುವವರಿಗೆ ಇದರ ಬೆಲೆ ಗೊತ್ತು.

ನನ್ನದು ಪಂಪ್ ಸರ್ವೀಸ್ ಕೆಲಸ. ಮನೆ ಹುಬ್ಬಳ್ಳಿ. ನಾಲ್ಕು ವರ್ಷದಲ್ಲಿ 120-130 ಸಲ ಹಾರಿರಬೇಕು. ಸೀಟಿನ ಲೆಕ್ಕ ಬರೆಯೋಕೆ ಶುರು ಮಾಡಿದಾಗ ಆಫೀಸಿನಲ್ಲಿ ಒಬ್ಬರೂ ನಂಬಲಿಲ್ಲ. "ಒಂದ್ ತಾಸಿನ ಮಾತಿಗೆ ಇಷ್ಟೆಲ್ಲ ಯಾಕ್ರೀ?" ಅಂದರು. ಫಿಸಿಯೋಥೆರಪಿಯವರೂ ತಲೆ ಆಡಿಸಿ ಸುಮ್ಮನಾದರು. ಈಗ ಅದೇ ಆಫೀಸಿನವರು ಟಿಕೆಟ್ ತೆಗೆಯುವ ಮೊದಲು ನನಗೆ ಫೋನ್ ಮಾಡುತ್ತಾರೆ.

ಮೊದಲು ದುಡ್ಡು ಹೋದ ಕಥೆ. ಎಲ್ಲರ ಹಾಗೆ ನಾನೂ ಕಾಲು ಚಾಚೋಕೆ ಜಾಗ ಇದ್ದರೆ ಸಾಕು ಅಂದುಕೊಂಡಿದ್ದೆ. ಒಂದೂವರೆ ವರ್ಷ ಎಮರ್ಜೆನ್ಸಿ ಬಾಗಿಲಿನ ಸಾಲಿಗೇ ದುಡ್ಡು ಕೊಟ್ಟೆ. ಒಂದು ಸಲಕ್ಕೆ 800, ಕೆಲವೊಮ್ಮೆ 1,200. ಒಟ್ಟು 20 ಸಾವಿರದ ಮೇಲೇ ಹೋಗಿದೆ. ಏರ್‌ಬಸ್ ಎ320 ವಿಮಾನದಲ್ಲಿ ರೆಕ್ಕೆಯ ಹತ್ತಿರ ಅಂಥ ಸಾಲು ಎರಡು. ಅದರಲ್ಲಿ ಮುಂದಿನ ಸಾಲಿನ ಸೀಟು ಹಿಂದಕ್ಕೆ ವಾಲುವುದಿಲ್ಲ, ಹಿಂದಿನವರ ದಾರಿ ಕಟ್ಟಬಾರದು ಅಂತ. ಅದಕ್ಕೂ ಮುಂಚಿನ ಸಾಲಿನ ಕಥೆಯೂ ಅಷ್ಟೇ. ನಾನು ಕೂತದ್ದು ಸರಿಯಾಗಿ ಆ ಮುಂದಿನ ಬಾಗಿಲ ಸಾಲಿನಲ್ಲೇ. ದೆಹಲಿ ತನಕ ಗೂಟದ ಹಾಗೆ ನೆಟ್ಟಗೆ ಕೂತೆ. ಬಾಗಿಲ ಸಂದಿಯಿಂದ ಪಾದಕ್ಕೆ ಥಂಡಿ ಬೇರೆ. ಇಳಿಯುವಾಗ ವ್ಹೀಲ್‌ಚೇರ್ ಬೇಕಾಯಿತು. ಆಮೇಲೆ ಹತ್ತು ದಿನ ಫಿಸಿಯೋಥೆರಪಿ, ದಿನಕ್ಕೆ 500.

ಮೊದಲನೇ ಸಾಲೂ ನನಗೆ ಆಗಿಬರಲಿಲ್ಲ. ಮುಂದೆ ಸೀಟಿಲ್ಲದ ಕಡೆ ಊಟದ ಹಲಗೆಯನ್ನು ಕೈಯಿಡುವ ಜಾಗದೊಳಗೆ ಮಡಚಿ ಇಟ್ಟಿರುತ್ತಾರೆ. ಹಾಗಾಗಿ ಸೊಂಟಕ್ಕೆ ಸಿಗುವ ಅಗಲವೇ ಕಮ್ಮಿ, ಆ ಕೈಯನ್ನು ಮೇಲೆತ್ತೋಕೂ ಆಗಲ್ಲ.

ಆಮೇಲೆ ಜೇಬಿನಲ್ಲಿ ಟೇಪು ಇಟ್ಟುಕೊಂಡು ಅಳೆಯೋಕೆ ಶುರು ಮಾಡಿದೆ. ಒಂದು ಸೀಟಿನಿಂದ ಮುಂದಿನ ಸೀಟಿಗೆ 28 ಇಂಚು, 29 ಇಂಚು, ಎಲ್ಲೋ ಒಂದೊಂದು ಕಡೆ 31. ಬರೀ ಈ ಅಂಕೆ ನಂಬಿ ಆರು ತಿಂಗಳು ಕೆಟ್ಟೆ. ಹೊಸ ತೆಳು ಸೀಟಿನಲ್ಲಿ ಪುಸ್ತಕದ ಜೇಬು ಮೇಲಕ್ಕೆ ಹೋಗಿರುತ್ತದೆ, ಒರಗುವ ಭಾಗ ತೆಳು. 28 ಇಂಚಿದ್ದರೂ ಮಂಡಿ ತಾಗುವುದಿಲ್ಲ. ಆದರೆ ಒಂದು ಗಂಟೆ ಕಳೆದರೆ ಸೊಂಟ ಮಾತಾಡುತ್ತದೆ. ಹಳೇ ದಪ್ಪ ಸೀಟಿನಲ್ಲಿ ಮಂಡಿ ತಾಗುತ್ತದೆ, ಸೊಂಟ ಮಾತ್ರ ಸುಮ್ಮನಿರುತ್ತದೆ. ಮಂಡಿಯನ್ನು ಓರೆ ಮಾಡಬಹುದು, ಸೊಂಟಕ್ಕೆ ಆ ದಾರಿ ಇಲ್ಲ. ನನಗೆ ಹಳೇ ಸೀಟೇ ಸೈ.

ಅದೂ ಫೋಮ್ ಸತ್ತಿರಬಾರದು. ಕೂರುವ ಮುಂಚೆ ಸೀಟಿನ ಮುಂದಿನ ಅಂಚನ್ನು ಮುಷ್ಟಿಯಿಂದ ಒತ್ತಿ ನೋಡುತ್ತೇನೆ. ಒಳಗಿನ ಪಟ್ಟಿ ಕೈಗೆ ಸಿಕ್ಕಿದರೆ ಅಲ್ಲಿ ಕೂರುವುದಿಲ್ಲ. ಒಮ್ಮೆ ಹೀಗೇ ಸಿಕ್ಕಿತು. ಸಿಬ್ಬಂದಿ ಬೇರೆ ಸೀಟು ಕೊಡಲಿಲ್ಲ, ಇಡೀ ದಾರಿ ಶಾಲು ಮಡಚಿ ಹಾಕಿಕೊಂಡು ಬಂದೆ. ಈಗ ಯಾವಾಗ ಕೇಳಬೇಕು, ಹೇಗೆ ಕೇಳಬೇಕು ಅನ್ನುವುದು ಗೊತ್ತಾಗಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳೋಕೆ ಶುರು ಮಾಡಿದರೆ ನನಗೇ ಸಿಗಲ್ಲ.

ಬೋಯಿಂಗ್ 737 ಮತ್ತು ಎ320 ನಡುವೆ ಆಯ್ಕೆ ಇದ್ದರೆ ನಾನು ಎ320 ಹಿಡಿಯುತ್ತೇನೆ. ಒಳಗಿನ ಅಗಲ ಎ320ರಲ್ಲಿ 3.70 ಮೀಟರ್, 737ರಲ್ಲಿ 3.54. ಸಾಲಿಗೆ ಆರು ಜನ, ಒಬ್ಬೊಬ್ಬರಿಗೆ ಒಂದು ಇಂಚು ಜಾಸ್ತಿ ಅಂತಿಟ್ಟುಕೊಳ್ಳಿ. 737ರ ಮೇಲ್ಭಾಗದ ಅಳತೆ 1950ರ ದಶಕದ ಬೋಯಿಂಗ್ 707 ವಿಮಾನದಿಂದ ಬಂದದ್ದು. ಕಿಟಕಿ ಪಕ್ಕ ಕೂತರೆ ಭುಜಕ್ಕೆ ಗೋಡೆ ಹತ್ತಿರ ಬರುತ್ತದೆ. ಅದಕ್ಕೇ 737ರಲ್ಲಿ ನನ್ನದು ಯಾವಾಗಲೂ ನಡುದಾರಿ ಪಕ್ಕದ ಸೀಟು. ಕಿಟಕಿಯೇ ಬೇಕು ಅನ್ನುವವರು 737-800ರಲ್ಲಿ ರೆಕ್ಕೆಗೆ ಸ್ವಲ್ಪ ಮುಂದಿನ ಸಾಲುಗಳನ್ನು ನೋಡಿ ತೆಗೆಯಿರಿ. ಎಸಿಯ ಗಾಳಿ ಕೊಳವೆ ಗೋಡೆಯೊಳಗೆ ಮೇಲಕ್ಕೆ ಹೋಗುವ ಕಡೆ ಕಿಟಕಿಯೇ ಇರಲ್ಲ. ನನ್ನ ತಮ್ಮ ಕಿಟಕಿಗೆ ದುಡ್ಡು ಕೊಟ್ಟು, ಕೋಲ್ಕತ್ತಾ ತನಕ ಗೋಡೆ ನೋಡಿಕೊಂಡು ಹೋದ.

ಎಟಿಆರ್ ಅಂದರೆ ರೆಕ್ಕೆಯಲ್ಲಿ ಫ್ಯಾನ್ (ಪ್ರೊಪೆಲ್ಲರ್) ತಿರುಗುವ ಸಣ್ಣ ವಿಮಾನ, ಅದರ ಲೆಕ್ಕವೇ ಬೇರೆ. ಹಿಂದಿನ ಬಾಗಿಲಿನಿಂದ ಹತ್ತುವುದು ಅಲ್ವಾ, ಜನ ಅಭ್ಯಾಸ ಬಲದಿಂದ ಮುಂದಿನ ಸೀಟು ಕೇಳುತ್ತಾರೆ. ಫ್ಯಾನ್ ತಿರುಗುವುದು ಅಲ್ಲೇ. ಫೋನಿನ ಆ್ಯಪ್ ಹಿಡಿದು ಒಂದೇ ದಾರಿಯಲ್ಲಿ ಹತ್ತು ಹನ್ನೆರಡು ಸಲ ಸದ್ದು ಅಳೆದೆ. ಮುಂದೆ 86 ಡೆಸಿಬಲ್ ಆಸುಪಾಸು, ಹಿಂದೆ 79-80. ಫೋನಿನ ಅಳತೆ ಪಕ್ಕಾ ಅಲ್ಲ, ಆದರೂ ವ್ಯತ್ಯಾಸ ಪ್ರತಿ ಸಲ ಅದೇ ಕಡೆಗೆ ಬಂತು. ಸದ್ದಿಗಿಂತ ನಡುಕ ನನಗೆ ಮುಖ್ಯ. ಮುಂದೆ ಕೂತರೆ ಒಂದು ತಾಸಿನಲ್ಲೇ ಸೊಂಟ ಜುಮ್ಮೆನ್ನುತ್ತದೆ. ಈಗ ಹಿಂದಿನಿಂದ ಮೂರ್ನಾಲ್ಕು ಸಾಲಿನೊಳಗೇ ಕೂರುತ್ತೇನೆ. ಸರಿಯಾದ ಸಾಲು ನನ್ನ ಡೈರಿಯಲ್ಲಿದೆ. ಖಾಲಿ ಇದೆ ಅಂತ ಎಟಿಆರ್‌ನಲ್ಲಿ ಸುಮ್ನೆ ಎದ್ದು ಸೀಟು ಬದಲಿಸಬೇಡಿ, ತೂಕದ ಲೆಕ್ಕ ತಪ್ಪುತ್ತದೆ. ಕೇಳಿಯೇ ಬದಲಿಸಿ.

ಇನ್ನು ದಿಂಬು. ಜೆಲ್ ದಿಂಬಿಗೆ 3,800 ಕೊಟ್ಟೆ, ಭಾರ ಹೊತ್ತು ಸಾಕಾಯಿತು. ಮೆಮೊರಿ ಫೋಮಿಗೆ ಎರಡು ಸಾವಿರದ ಚಿಲ್ಲರೆ. ಅದು ನನ್ನನ್ನು ಮುಂದಕ್ಕೆ ತಳ್ಳಿ ಇದ್ದ ಜಾಗವನ್ನೂ ತಿಂದಿತು. ಕೊನೆಗೆ ಕೆಲಸಕ್ಕೆ ಬಂದದ್ದು 350 ರೂಪಾಯಿಯ ಗಾಳಿ ದಿಂಬು. ಅದೂ ಮೊದಲ ಎರಡು ಸಲ ಕೈಕೊಟ್ಟಿತು. ಕೆಳಗೆ ಗಟ್ಟಿಯಾಗಿ ಊದಿ ಇಟ್ಟಿದ್ದೆ, ಮೇಲೆ ಹೋದ ಮೇಲೆ ಕಲ್ಲಾಯಿತು. ಕಾರಣ ನಿಮಗೆ ಗೊತ್ತೇ ಇದೆ: ಹಾರುವಾಗ ಒಳಗಿನ ಗಾಳಿ ಹೆಚ್ಚೆಂದರೆ 8,000 ಅಡಿ ಬೆಟ್ಟದ ಮೇಲಿನಷ್ಟು ತೆಳು ಆಗುತ್ತದೆ, ದಿಂಬಿನೊಳಗಿನ ಗಾಳಿ ಹಿಗ್ಗುತ್ತದೆ. ಚೆನ್ನೈನಿಂದ ಏರಿದರೆ ಬೆಂಗಳೂರಿಗಿಂತ ಜಾಸ್ತಿ ಹಿಗ್ಗುತ್ತದೆ, ಯಾಕೆಂದರೆ ಬೆಂಗಳೂರು ಮೊದಲೇ 3,000 ಅಡಿ ಎತ್ತರದಲ್ಲಿದೆ. ಈಗ ಅರ್ಧಕ್ಕಿಂತ ಕಮ್ಮಿ ಊದಿ, ಟವೆಲ್ ಸುತ್ತಿ ಇಡುತ್ತೇನೆ. ಉಳಿದದ್ದನ್ನು ವಿಮಾನವೇ ಊದಿಕೊಡುತ್ತದೆ. ಟವೆಲನ್ನು ಎಷ್ಟು ಮೇಲೆ, ಯಾವ ಬದಿಗೆ ಇಡಬೇಕು ಅನ್ನುವುದಕ್ಕೇ ನನಗೆ ಎಂಟು ತಿಂಗಳು ಹಿಡಿಯಿತು. ನಿಮ್ಮ ಬೆನ್ನಿಗೆ ನೀವೇ ಕಂಡುಕೊಳ್ಳಬೇಕು.

ಇವೆಲ್ಲಕ್ಕಿಂತ ನನಗೆ ಪ್ರೀತಿ ಇಎಂಬಿ-145 ಮೇಲೆ. 50 ಸೀಟಿನ ಜೆಟ್. ಎಡಕ್ಕೆ ಒಂದು, ಬಲಕ್ಕೆ ಎರಡು, ನಡುವಿನ ಸೀಟು ಅನ್ನುವುದೇ ಇಲ್ಲ. ಎತ್ತರ ಆರಡಿ ಅಷ್ಟೇ, ನೋಡಿದವರೆಲ್ಲ ಇಕ್ಕಟ್ಟು ಅನ್ನುತ್ತಾರೆ. ಎಡಗಡೆ ಮೇಲೆ ಬ್ಯಾಗಿನ ಗೂಡೂ ಇಲ್ಲ. ಆದರೆ ಆ ಒಂಟಿ ಸೀಟಿನಲ್ಲಿ ಕಿಟಕಿಯೂ ನಮ್ಮದೇ, ನಡುದಾರಿಯೂ ನಮ್ಮದೇ. ಯಾರನ್ನೂ ಎಬ್ಬಿಸದೆ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬಹುದು. ಎಂಜಿನ್ ಬಾಲದಲ್ಲಿರುವುದರಿಂದ ಮುಂದೆ ಸದ್ದು ಕಮ್ಮಿ, ಎಟಿಆರ್‌ಗೆ ಪೂರ್ತಿ ಉಲ್ಟಾ. ಮುಂದಿನ ಒಂಟಿ ಸೀಟು ಸಿಗುತ್ತದೆ ಅಂದರೆ 500 ರೂಪಾಯಿ ಜಾಸ್ತಿ ಆದರೂ ನಾನು ಒಂದು ದಿನ ಮುಂಚೆಯೇ ಹೊರಡುತ್ತೇನೆ.