ಪಾತ್ರಗಳ ಬಾಕಿ ಲೆಕ್ಕ

ಕಥೆ ಬರೆಯುವ ಮೊದಲು ಪಾತ್ರಗಳ ಸಾಲದ ಪಟ್ಟಿ ಮಾಡುತ್ತೇನೆ ಎಂದಾಗ ಸಾಗರದ ಗೆಳೆಯರು ನಕ್ಕಿದ್ದರು. ‘ಕಥೆ ಬರೆಯುತ್ತೀಯೋ, ಅಡಿಕೆ ಮಂಡಿಯ ಲೆಕ್ಕ ಬರೆಯುತ್ತೀಯೋ?’ ಎಂದವರೂ ಉಂಟು. ದೀಪಾವಳಿ ವಿಶೇಷಾಂಕವೊಂದರಲ್ಲಿ ಕಥೆ ಅಚ್ಚಾದ ಮೇಲೆ ಅವರೇ ಫೋನ್ ಮಾಡಿ ಪದ್ಧತಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ.

ಎಳೆ ನಮ್ಮ ಕಡೆಯ ಎಲ್ಲರ ಬಳಿಯೂ ಇರುವಂಥದ್ದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯಾಗಿ ಊರು ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ತಗ್ಗಿದಾಗ ಮುದುಕನೊಬ್ಬ ತನ್ನ ಮನೆಯ ಅಡಿಪಾಯ ನೋಡಲು ಹೋಗುತ್ತಾನೆ. ಇದನ್ನು ಏಳೆಂಟು ವರ್ಷ ತಿದ್ದಿದ್ದೇನೆ. ಒಂದು ಕರಡಿನಲ್ಲಿ ಮುದುಕ ಅತ್ತ, ಇನ್ನೊಂದರಲ್ಲಿ ಸುಮ್ಮನೆ ನಿಂತ, ಮತ್ತೊಂದರಲ್ಲಿ ಅದೇ ಹಿನ್ನೀರಿನಲ್ಲಿ ಮುಳುಗಿದ ಮಡೆನೂರಿನ ಹಳೆಯ ಅಣೆಕಟ್ಟೆಯೂ ನೀರಿನಿಂದ ಮೇಲೆದ್ದಿತು. ಪತ್ರಿಕೆಗಳಿಂದ ಉತ್ತರವೇ ಇಲ್ಲ. ಡಿಟಿಪಿ, ಅಂಚೆ, ಸ್ಪರ್ಧೆಗಳ ಶುಲ್ಕ ಎಂದು ನಾಲ್ಕೈದು ಸಾವಿರ ಹೋಗಿರಬೇಕು. ಸ್ವಂತ ಖರ್ಚಿನಲ್ಲಿ ತಂದ ಸಂಕಲನಕ್ಕೆ ನಲವತ್ತು ಸಾವಿರದ ಮೇಲೆ ಬಿತ್ತು. ಅರ್ಧಕ್ಕಿಂತ ಹೆಚ್ಚು ಪ್ರತಿಗಳು ಅಟ್ಟದ ಮೇಲೆ ಅಡಿಕೆ ಚೀಲಗಳ ಪಕ್ಕದಲ್ಲೇ ಇವೆ. ಅಡಿಕೆಗಾದರೂ ದರ ಏರುತ್ತದೆ.

ಕೊನೆಗೆ ವರ್ಣನೆಯನ್ನೆಲ್ಲ ಬದಿಗಿಟ್ಟು ಮುದುಕನ ಹೆಸರಿನಲ್ಲಿ ಒಂದು ಹಾಳೆ ತೆಗೆದೆ. ಎಡಕ್ಕೆ ಅವನಿಗೆ ಬರಬೇಕಾದದ್ದು, ಬಲಕ್ಕೆ ಅವನು ಕೊಡಬೇಕಾದದ್ದು. ಹಣ, ಜಮೀನು, ಕೊಟ್ಟು ತಪ್ಪಿದ ಮಾತು, ಎಲ್ಲವೂ. ಬಲಗಡೆ ತುಂಬುತ್ತಿದ್ದಂತೆ ತಂಗಿಯೊಬ್ಬಳು ಬಂದಳು. ಊರು ಬಿಡುವಾಗ ಕೈಗೂಸು. ಪರಿಹಾರವನ್ನು ಪೂರ್ತಿ ತಾನೇ ತೆಗೆದುಕೊಂಡವನು, ‘ನಮ್ಮದು ಎರಡು ಅಂಕಣದ ಮನೆ, ಎಷ್ಟು ಬಂದೀತು?’ ಎಂದು ಆಮೇಲೆ ಅವಳಿಗೆ ಹೇಳಿದ್ದ. ಅದು ಏಳು ಅಂಕಣದ್ದೆಂದು ತಂಗಿಯ ಮಗನಿಗೆ ಯಾರೋ ಹೇಳಿದ್ದಾರೆ. ನೀರು ಇಳಿದರೆ ಅಂಕಣಗಳನ್ನು, ಅಂದರೆ ಕಂಬದಿಂದ ಕಂಬದ ನಡುವಿನ ಜಾಗಗಳನ್ನು, ಅಡಿಪಾಯದ ಮೇಲೆ ಎಣಿಸಿ ನೋಡಬಹುದು. ಅಷ್ಟು ದಿನ ನೀರು ಇಳಿಯಲೆಂದು ಕಾಯುತ್ತಿದ್ದ ನನ್ನ ಮುದುಕ, ಮೇ ತಿಂಗಳಲ್ಲೇ ಮಳೆ ಹಿಡಿಯಲೆಂದು ಹರಕೆ ಹೊತ್ತ. ಕಥೆಯ ಮೊದಲ ವಾಕ್ಯವೇ ಆ ಹರಕೆ. ಇಷ್ಟು ಚೆನ್ನಾದ ಆರಂಭವನ್ನು ನಾನು ಬೇರೆಲ್ಲೂ ಬರೆದಿಲ್ಲ.

ಹಾಳೆಯಲ್ಲಿ ಇದ್ದದ್ದೆಲ್ಲ ಕಥೆಗೆ ಬರಕೂಡದು. ಹತ್ತು ಬಾಕಿಗಳಲ್ಲಿ ಎರಡೋ ಮೂರೋ ಉಳಿದರೆ ಸಾಕು. ಯಾವುದನ್ನು ಉಳಿಸಬೇಕು ಎಂಬುದಕ್ಕೆ ನನ್ನದೊಂದು ಉಪಾಯವಿದೆ. ಅದು ಸದ್ಯ ನನ್ನಲ್ಲೇ ಇರಲಿ.

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕರಡನ್ನು ಬಾಯಿಮಾತಿನಲ್ಲಿ ಹೇಳಿಯೂ ನೋಡಿದೆ. ಕೇಳುತ್ತ ಕೈ ನಿಂತರೆ ಕಥೆ ಗೆದ್ದಂತೆ ಎಂಬ ಲೆಕ್ಕ. ಕೂಲಿ ಸುಲಿದಷ್ಟಕ್ಕೆ, ಯಾರ ಕೈಯೂ ನಿಲ್ಲಲಿಲ್ಲ. ಆದರೆ ಒಬ್ಬಾಕೆ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ, ‘ಪರಿಹಾರದ ಕಾಗದ ಇರುತ್ತದಲ್ಲ ಹೆಗಡೇರೆ, ಅದನ್ನು ನೋಡಿದರೆ ಆಯಿತು. ನೀರು ಯಾಕೆ ಇಳಿಯಬೇಕು?’ ಎಂದಳು. ಆ ಪ್ರಶ್ನೆಗೆ ಎರಡು ಪುಟ ಹೊಸದಾಗಿ ಬರೆದೆ; ಕಾಗದ ಮುದುಕನ ಟ್ರಂಕು ಸೇರಿತು, ಬೀಗದ ಕೈ ಸೊಸೆಯ ಕೈಗೆ ಹೋಯಿತು. ಮೊಬೈಲಿಗೆ ಹೇಳಿ ಬರೆಸುವುದನ್ನೂ ಪ್ರಯತ್ನಿಸಿದೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನನ್ನು ‘ಕೊನೆಗೌಡ’ ಎಂದಾಗಲೆಲ್ಲ ಅದು ‘ಕೊನೆಗೂ’ ಎಂದು ಬರೆಯಿತು. ಬಿಟ್ಟೆ.

ಗೌರವಧನ ಒಂದೂವರೆ ಸಾವಿರವೋ ಏನೋ ಬಂತು. ಈಗ ಸಿಗಂದೂರಿನ ಕಡೆಯದೊಂದು ಹಾಳೆ ತೆಗೆದಿದ್ದೇನೆ: 2025ರ ಜುಲೈನಲ್ಲಿ ಹಿನ್ನೀರಿನ ಸೇತುವೆ ತೆರೆಯುವವರೆಗೆ, ಜನರನ್ನು ದಾಟಿಸುತ್ತಿದ್ದ ಲಾಂಚಿನ ದಡದಲ್ಲಿ ಮಂಡಕ್ಕಿ ಮಾರುತ್ತಿದ್ದವನ ಈಗಿನ ಲೆಕ್ಕ. ಬಲಗಡೆಗೆ ಈವರೆಗೆ ಸಿಕ್ಕಿದ್ದು ಹೆಂಡತಿಯ ಸ್ವಸಹಾಯ ಸಂಘದ ಕಂತು ಮಾತ್ರ. ಅಷ್ಟರಿಂದ ಕಥೆಯಾಗುವುದಿಲ್ಲ, ಇನ್ನೂ ಕೆದಕಬೇಕು.