ಚಿಕ್ಕಪ್ಪನ ಹೋಟ್ಲಿಗೆ ಗ್ಯಾಸ್ ಅಲಾರಂ ಮಾಡ್ಕೊಟ್ಟ ಕಥೆ

ಚಾಮರಾಜಪೇಟೆಲಿ ನಮ್ಮ ಚಿಕ್ಕಪ್ಪಂದು ಸಣ್ಣ ಹೋಟ್ಲು, ಹಿಂದ್ಗಡೆ ಇಕ್ಕಟ್ಟು ಜಾಗದಲ್ಲಿ ಸಿಲಿಂಡರ್ ಸಾಲು. ಒಂದಿನ ಬೆಳಗ್ಗೆ ಬಾಗ್ಲು ತೆಗ್ದಾಗ ಗ್ಯಾಸ್ ವಾಸನೆ ಬಂತಂತೆ, ಪುಣ್ಯಕ್ಕೆ ಲೈಟ್ ಹಾಕಿರ್ಲಿಲ್ಲ. ನಾನೊಂದು ಅಲಾರಂ ಮಾಡ್ಕೊಡ್ತೀನಿ ಅಂತ ಆವತ್ತೇ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗೋ ಎಸ್.ಪಿ. ರೋಡ್‌ಗೆ ಹೋಗಿ ಗ್ಯಾಸ್ ಪತ್ತೆ ಹಚ್ಚೋ ಎಂಕ್ಯೂ-2 ಸೆನ್ಸರು, ಅದನ್ನ ಓದೋಕೆ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಕೂಗೋಕೆ ಒಂದು ಬಜರ್ ತಂದೆ.

ಈ ಸೆನ್ಸರ್ ಒಳಗೆ ಇರೋದು ಬಿಸಿ ಮಾಡಿದ ಟಿನ್ ಆಕ್ಸೈಡ್. ಒಳ್ಳೆ ಗಾಳಿಲಿ ಅದರ ಮೈಮೇಲೆ ಆಮ್ಲಜನಕ ಕೂತು ಎಲೆಕ್ಟ್ರಾನ್ ಹಿಡ್ಕೊಂಡಿರುತ್ತೆ, ರೆಸಿಸ್ಟೆನ್ಸ್ (ಕರೆಂಟ್ ಹರಿಯೋಕೆ ಇರೋ ಅಡ್ಡಿ) ಜಾಸ್ತಿ. ಗ್ಯಾಸ್ ಬಂದ್ರೆ ಆ ಆಮ್ಲಜನಕ ಖರ್ಚಾಗಿ ರೆಸಿಸ್ಟೆನ್ಸ್ ಇಳಿಯುತ್ತೆ, ಅಷ್ಟೆ. ಹೊಸದನ್ನ ಮೊದಲು 24 ಗಂಟೆಗೂ ಮೇಲೆ ಕರೆಂಟ್ ಕೊಟ್ಟು ಬಿಸಿ ಮಾಡ್ಬೇಕು, ಇಲ್ಲಾಂದ್ರೆ ಬರೋ ನಂಬರೆಲ್ಲ ಸುಳ್ಳು. ಇನ್ನೊಂದು, ಸೆನ್ಸರ್ ಕೂತಿರೋ ಮಾಡ್ಯೂಲಿಂದ 5 ವೋಲ್ಟ್‌ವರೆಗೂ ಬರುತ್ತೆ, ಬೋರ್ಡಿಗೆ 3.3ಕ್ಕಿಂತ ಜಾಸ್ತಿ ಕೊಡಂಗಿಲ್ಲ, ಮಧ್ಯೆ ಎರಡು ರೆಸಿಸ್ಟರ್ ಹಾಕಿ ಇಳಿಸ್ಕೊಳ್ಳಿ.

ಮೊದಲ ದಿನಾನೇ ಮರ್ಯಾದೆ ಹೋಯ್ತು. ಎಂಕ್ಯೂ-2 ಹೊಗೆಗೂ ಎಚ್ಚರ ಆಗುತ್ತೆ, ಸಾಂಬಾರಿಗೆ ಒಗ್ಗರಣೆ ಹಾಕಿದ್ರೂ ಕೂಗ್ತಿತ್ತು. "ಏನೋ ಇದು, ಗಿರಾಕಿಗಳು ಇಡ್ಲಿ ಬಿಟ್ಟು ಎದ್ದೋಗ್ತಾರೆ ಕಣೋ" ಅಂತ ಚಿಕ್ಕಪ್ಪ ಬೈದ್ರು. ಎಲ್‌ಪಿಜಿಗೇ ಅಂತ ಇರೋ ಎಂಕ್ಯೂ-6 ಹಾಕ್ದೆ. ಮೇಲಿದ್ದದ್ದನ್ನ ಕೆಳಗಿಳಿಸ್ದೆ, ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೇ ಕೂರುತ್ತೆ, ನೆಲದಿಂದ ಒಂದಡಿ ಸಾಕು. ಆದ್ರೆ ನಮ್ಮ ಹೋಟ್ಲಲ್ಲಿ ರಾತ್ರಿ ಪೈಪ್ ಹಿಡಿದು ನೆಲ ತೊಳೀತಾರಲ್ಲ! ಅದಕ್ಕೆ ಸೆನ್ಸರ್ ಇಟ್ಟ ಡಬ್ಬಿ ಸಂದಿಗೆಲ್ಲ ಸಿಲಿಕೋನ್ ಅಂಟು ಮೆತ್ತಿ ಮುಚ್ಚಿದೆ, ಭಾರಿ ಬುದ್ಧಿವಂತ ನಾನು.

ಎರಡು ವಾರ ಅಲಾರಂ ಸದ್ದೇ ಇಲ್ಲ, ಎಲ್ಲರಿಗೂ ಖುಷಿ. ಯಾಕೋ ಅನುಮಾನ ಬಂದು ಲೈಟರ್ ಗ್ಯಾಸ್ ಬಿಟ್ಟು ನೋಡಿದ್ರೆ ಸೆನ್ಸರ್ ಅಲ್ಲಾಡ್ಲಿಲ್ಲ! ಎಲ್‌ಇಡಿ ಉರೀತಿದೆ, ಮುಟ್ಟಿದ್ರೆ ಬಿಸಿಯಾಗೇ ಇದೆ, ಆದ್ರೆ ಸತ್ತೋಗಿದೆ. ಸೆನ್ಸರ್ ಡೇಟಾಶೀಟ್ (ಕಂಪನಿ ಕೊಡೋ ಮಾಹಿತಿ ಹಾಳೆ) ಓದಿದ್ರೆ ಸಿಲಿಕೋನ್ ಆವಿ ತಾಗಿಸ್ಬೇಡಿ ಅಂತ ಬರೆದೇ ಇದೆ, ಬಿಸಿ ಮೇಲ್ಮೈ ಮೇಲೆ ಅದು ಪದರ ಕಟ್ಟಿ ಗ್ಯಾಸ್ ತಾಗದ ಹಾಗೆ ಮಾಡುತ್ತಂತೆ. ಎರಡು ವಾರ ಆ ಡಬ್ಬಿ ನಂಬ್ಕೊಂಡು ಒಲೆ ಹಚ್ಚಿದ್ರಲ್ಲ ಅಂತ ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಹೊಸ ಎಂಕ್ಯೂ-6 ತಂದೆ, ಸಿಲಿಕೋನ್ ಬದ್ಲು ಮೇಲೊಂದು ಬೋರಲು ಹಾಕಿದ ಪ್ಲಾಸ್ಟಿಕ್ ಮಗ್ಗು. ಎಷ್ಟು ಗ್ಯಾಸಿಗೆ ಕೂಗ್ಬೇಕು ಅಂತ ಅಳತೆ ಮಾಡಕ್ಕೆ ಟೆರೇಸ್ ಮೇಲೆ ಖಾಲಿ 20 ಲೀಟರ್ ನೀರಿನ ಕ್ಯಾನ್ ಇಟ್ಟು ಸೆನ್ಸರ್ ಒಳಗೆ ನೇತಾಕಿ, ಲೈಟರ್ ರೀಫಿಲ್ ಗ್ಯಾಸ್‌ನ ಬಲೂನಿಗೆ ತುಂಬಿ ಅದರಿಂದ ಸಿರಿಂಜಲ್ಲಿ 20 ಎಂಎಲ್ ಎಳ್ದು ಕ್ಯಾನಿಗೆ ಬಿಟ್ಟು ಬಾಯಿ ಮುಚ್ಚಿ ಅಲ್ಲಾಡಿಸ್ದೆ. 20 ಲೀಟರಿಗೆ 20 ಎಂಎಲ್ ಅಂದ್ರೆ 1000 ಪಿಪಿಎಂ, ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ ಗ್ಯಾಸ್. ಎಲ್‌ಪಿಜಿ ಹತ್ಕೊಳ್ಳಕ್ಕೆ ಗಾಳಿಲಿ ಸುಮಾರು 2% ಬೇಕು, ಅಂದ್ರೆ 20,000 ಪಿಪಿಎಂ, ಹಾಗಾಗಿ 1000ಕ್ಕೇ ಕೂಗೋ ಹಾಗೆ ಇಟ್ಟೆ.

ಅಲಾರಂ ಆದ್ರೆ ಎಕ್ಸಾಸ್ಟ್ ಫ್ಯಾನ್ ತಾನೇ ಆನ್ ಆಗ್ಲಿ ಅಂತ ರಿಲೇನೂ (ಬೋರ್ಡು ಹೇಳಿದಾಗ ಆನ್ ಆಗೋ ಸ್ವಿಚ್ಚು) ಹಾಕಿದ್ದೆ, ಎಲೆಕ್ಟ್ರಿಷಿಯನ್ ಫ್ರೆಂಡ್ ನೋಡಿ ಉಗಿದ, ಗ್ಯಾಸ್ ತುಂಬಿರೋ ರೂಮಲ್ಲಿ ರಿಲೇ ಕಿಡಿ ಹಾರಿಸ್ತೀಯೇನೋ ಅಂತ. ಕಿತ್ತಾಕ್ದೆ. ಬೋರ್ಡು, ಬಜರ್ ಎರಡೂ ಈಗ ಹೊರಗೆ ಕ್ಯಾಶ್ ಕೌಂಟರ್ ಹತ್ರ.

ಪ್ರತಿ ಸೋಮವಾರ ಒಲೆ ಹಚ್ಚೋ ಮುಂಚೆ ಅಡುಗೆ ಹುಡುಗ ಕಿಡಿ ಹಾರಿಸೋ ಭಾಗ ಕಿತ್ತ ಲೈಟರಿಂದ ಚೂರು ಗ್ಯಾಸ್ ಬಿಡ್ತಾನೆ, ಕೂಗಿದ್ರೆ ಕ್ಯಾಲೆಂಡರಲ್ಲಿ ಟಿಕ್. ಹೋದ ಸೋಮವಾರ ಟಿಕ್ ಇರ್ಲಿಲ್ಲ, ಕೇಳಿದ್ರೆ ಪೆನ್ ಸಿಗ್ಲಿಲ್ಲ ಅಂದ.