ಪಂಚಾಯತ್ ಕಚೇರಿಯಲ್ಲಿ ಹದಿನಾಲ್ಕು ವಾರ: ಇಂಟರ್ನ್‌ಶಿಪ್ ನಡೆಸಿದ ನನ್ನ ಅನುಭವ

ಉಡುಪಿ ಜಿಲ್ಲೆಯ ಬ್ರಹ್ಮಾವರದ ಸಮೀಪದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು, ಸಾರ್ವಜನಿಕ ನೀತಿಯ ಇಂಟರ್ನ್‌ಶಿಪ್‌ಗಾಗಿ ವಿದ್ಯಾರ್ಥಿಗಳನ್ನು ಗ್ರಾಮ ಪಂಚಾಯತ್‌ಗಳಿಗೆ ಕಳುಹಿಸಲು ಆರಂಭಿಸಿದ್ದು 2018ರಲ್ಲಿ. ಅದು ಫಲ ಕೊಡಲು ತೊಡಗಿದ್ದು 2021ರ ನಂತರ. ನಡುವಿನ ಮೂರು ವರ್ಷ ಸಹೋದ್ಯೋಗಿಗಳಿಂದ ನಾನು ಕೇಳಿದ್ದು ಒಂದೇ ಮಾತು: "ಬಿ.ಎ. ಮಕ್ಕಳಿಗೆ ನೀತಿ ನಿರೂಪಣೆಯ ಕೆಲಸ ಎಲ್ಲಿ ಸಿಗುತ್ತದೆ ಸರ್? ಯಾವುದಾದರೂ ಕಚೇರಿಯಿಂದ ಒಂದು ಪ್ರಮಾಣಪತ್ರ ತರಿಸಿ, ಅಂಕ ಕೊಟ್ಟು ಮುಗಿಸಿ." ಹಾಗೆ ಹೇಳಿದವರಲ್ಲಿ ಇಬ್ಬರು ಕಳೆದ ವರ್ಷ ತಮ್ಮ ವಿಭಾಗದಲ್ಲಿಯೂ ಇದನ್ನು ಮಾಡಬೇಕೆಂದು ನನ್ನ ಬಳಿ ಬಂದು ವಿವರ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ದಿನಚರಿ ಪುಸ್ತಕ, ಹಾಜರಾತಿ, ಒಪ್ಪಿಗೆ ಪತ್ರಗಳ ವಿಷಯ ನಿಮಗೆಲ್ಲ ತಿಳಿದಿರುವುದರಿಂದ ಅವುಗಳನ್ನು ಬಿಡುತ್ತೇನೆ.

ಮೊದಲ ವರ್ಷ ಇಪ್ಪತ್ತೆರಡು ವಿದ್ಯಾರ್ಥಿಗಳನ್ನು ನಾಲ್ಕು ಪಂಚಾಯತ್‌ಗಳಿಗೆ ಕಳುಹಿಸಿದೆ. ಅರುವತ್ತು ಪ್ರಶ್ನೆಗಳ ಸಮೀಕ್ಷೆಯನ್ನು ನಾನೇ ಸಿದ್ಧಪಡಿಸಿದ್ದೆ. ಸುಮಾರು ಮುನ್ನೂರು ಮನೆಗಳ ಸಮೀಕ್ಷೆಗೆ ಜೆರಾಕ್ಸ್ ಖರ್ಚೇ ಎರಡು ಸಾವಿರದ ಹತ್ತಿರ ಬಂತು, ವರದಿಗಳಿಗೆ ಬೈಂಡಿಂಗ್ ಮಾಡಿಸಲು ಇನ್ನೂ ಎರಡೂವರೆ ಸಾವಿರ ಹೋಯಿತು. ವರದಿಯ ಪ್ರತಿಯನ್ನು ಕೈಗೆ ಕೊಟ್ಟಾಗ ಒಬ್ಬ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಅದನ್ನು ತಾಳ್ಮೆಯಿಂದ ಕೊನೆಯ ಪುಟದವರೆಗೆ ತಿರುವಿ, "ಸರ್, ಇದರಲ್ಲಿ ನಾನು ಏನು ಮಾಡಬೇಕೆಂದು ಯಾವ ಪುಟದಲ್ಲಿ ಬರೆದಿದೆ?" ಎಂದು ಕೇಳಿದರು. ಅವರು ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು, ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷದ ಮಳೆಗಾಲ ಕಳೆಯುವ ಹೊತ್ತಿಗೆ ಕಾಲೇಜಿನ ಕಪಾಟಿನಲ್ಲಿದ್ದ ಪ್ರತಿಗಳಿಗೆ ಬೂಷ್ಟು ಹಿಡಿದಿತ್ತು.

ಎರಡನೆಯ ಪ್ರಯತ್ನಕ್ಕೆ ಹೆಚ್ಚು ಹಣ ಹೋಯಿತು, ಮತ್ತು ಆ ಹಣ ನನ್ನದಾಗಿರಲಿಲ್ಲ. 2019ರಲ್ಲಿ ಬೆಂಗಳೂರಿನ ಒಂದು ಸಂಸ್ಥೆ ಹತ್ತು ದಿನಗಳ ಇಂಟರ್ನ್‌ಶಿಪ್‌ಗೆ ತಲಾ ನಾಲ್ಕೂವರೆ ಸಾವಿರ ಶುಲ್ಕ ಕೇಳಿತು. ನನ್ನ ಮಾತನ್ನು ನಂಬಿ ಒಂಬತ್ತು ಮನೆಯವರು ಹಣ ಕಟ್ಟಿದರು. ಅವರಲ್ಲಿ ಬೀಡಿ ಕಟ್ಟುವ ತಾಯಂದಿರಿದ್ದರು, ಮೀನು ಮಾರುವ ತಾಯಿಯೊಬ್ಬರಿದ್ದರು. ಹತ್ತು ದಿನ ಭಾಷಣ ಕೇಳಿ, ಗುಂಪಿನಲ್ಲಿ ಫೋಟೊ ತೆಗೆಸಿಕೊಂಡು, ಹೊಳೆಯುವ ಕಾಗದದ ಪ್ರಮಾಣಪತ್ರ ಹಿಡಿದು ಮಕ್ಕಳು ಮರಳಿದರು. ಒಂದು ಕಡತವನ್ನೂ ಅವರು ತೆರೆದು ನೋಡಿರಲಿಲ್ಲ. ಆ ನಲವತ್ತು ಸಾವಿರದಲ್ಲಿ ಈಗಿನ ಕ್ರಮದಲ್ಲಿ ಎರಡು ತಂಡಗಳನ್ನು ನಡೆಸಬಹುದಿತ್ತು ಎಂಬ ಲೆಕ್ಕ ನನಗೆ ಇಂದಿಗೂ ನೋವು ಕೊಡುತ್ತದೆ. ಅಂದಿನಿಂದ ವಿದ್ಯಾರ್ಥಿಯಿಂದ ಹಣ ಪಡೆಯುವ ಯಾವ ಇಂಟರ್ನ್‌ಶಿಪ್‌ಗೂ ನಾನು ಸಹಿ ಹಾಕಿಲ್ಲ.

ಮೂರನೆಯದು 2020ರ ಆರಂಭದ ಮಾತು. ಪಂಚಾಯತ್ ಒಂದರಲ್ಲಿ ಕಲಿಯುತ್ತಿದ್ದ ವಿದ್ಯಾರ್ಥಿಯೊಬ್ಬ ಅದೇ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ ಎಂದಾಗ ನಾನು ಉತ್ಸಾಹದಿಂದ ಒಪ್ಪಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಹಾಕಿದ ಮೊದಲ ಅರ್ಜಿಯಲ್ಲಿ ಮೂರು ವಿಷಯಗಳನ್ನು ಸೇರಿಸಿದ್ದೆವು. ಕರ್ನಾಟಕದ ನಿಯಮದಂತೆ ಒಂದೇ ವಿಷಯ, ನೂರೈವತ್ತು ಪದಗಳ ಮಿತಿ ಇರುವುದರಿಂದ ಅದು ಹಿಂದಕ್ಕೆ ಬಂತು. ಎರಡನೆಯ ಅರ್ಜಿಗೆ ಮೂವತ್ತು ದಿನಗಳ ಒಳಗೇ ಉತ್ತರ ದೊರೆಯಿತು. ಆದರೆ ಅಂದಿನಿಂದ ಆ ಕಚೇರಿಯಲ್ಲಿ ನಮ್ಮ ಮಕ್ಕಳಿಗೆ ಕುರ್ಚಿ ಸಿಗಲಿಲ್ಲ. 2005ರ ಆ ಕಾಯ್ದೆಯನ್ನು ನಾನು ಈಗಲೂ ಗೌರವದಿಂದ ಕಲಿಸುತ್ತೇನೆ. ಕೆಲಸ ಕಲಿಸಲು ಒಪ್ಪಿ ಒಳಗೆ ಕರೆದವರ ಮೇಲೆ, ಬಾಯಿಬಿಟ್ಟು ಕೇಳುವ ಮೊದಲೇ ಅದನ್ನು ಪ್ರಯೋಗಿಸಿದ್ದು ನನ್ನ ತಪ್ಪು. ನಮಗೆ ಬೇಕಾಗಿದ್ದ ಮಾಹಿತಿಯ ಹೆಚ್ಚಿನ ಪಾಲು ಲೆಕ್ಕ ಸಹಾಯಕಿಯ ಮೇಜಿನ ಮೇಲಿನ ವಹಿಯಲ್ಲೇ ಇತ್ತೆಂಬುದು ಆಮೇಲೆ ತಿಳಿಯಿತು.

ಲಾಕ್‌ಡೌನ್‌ನಲ್ಲಿ ಎಲ್ಲವೂ ನಿಂತಿತು. ದಾರಿ ತೆರೆದದ್ದು ಚುನಾವಣೆಯಿಂದ. 2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದ ಗ್ರಾಮ ಪಂಚಾಯತ್‌ಗಳಿಗೆ ಮತದಾನ ನಡೆದು ಹೊಸ ಸದಸ್ಯರು ಬಂದರು. ನಮ್ಮಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು, ಹಾಗಾಗಿ ಮೊದಲ ಬಾರಿ ಆಯ್ಕೆಯಾದ ಅನೇಕ ಹೆಣ್ಣುಮಕ್ಕಳು ಸಭೆಯಲ್ಲಿ ಆಯವ್ಯಯದ ಹಾಳೆಗಳನ್ನು ಕೈಯಲ್ಲಿ ಹಿಡಿದು ಕುಳಿತಿರುತ್ತಿದ್ದರು. ಅವರಲ್ಲೊಬ್ಬರು ನನ್ನ ಹಳೆಯ ವಿದ್ಯಾರ್ಥಿನಿ. "ಸರ್, ಇದನ್ನು ಓದುವುದು ಹೇಗೆಂದು ಯಾರಾದರೂ ನನ್ನ ಪಕ್ಕ ಕುಳಿತು ಹೇಳಿಕೊಟ್ಟರೆ ಸಾಕು" ಎಂದು ಆಕೆ ಫೋನ್ ಮಾಡಿದಾಗ, ಮೂರು ವರ್ಷ ನಾನು ತಲೆಕೆಳಗಾಗಿ ಯೋಚಿಸುತ್ತಿದ್ದೆನೆಂದು ಅರಿವಾಯಿತು. ನಮಗೆ ಏನು ಬೇಕೆಂದು ಕೇಳಿಕೊಂಡು ನಾವು ಹೋಗುತ್ತಿದ್ದೆವು, ಆ ಕಚೇರಿಗೆ ಏನು ಬೇಕೆಂದು ಕೇಳಿರಲಿಲ್ಲ.

ಈಗಿನ ಕ್ರಮ ಹೀಗಿದೆ. ಒಂದು ಪಂಚಾಯತ್‌ಗೆ ಇಬ್ಬರೇ ವಿದ್ಯಾರ್ಥಿಗಳು, ವಾರಕ್ಕೆ ಎರಡು ದಿನದಂತೆ ಹದಿನಾಲ್ಕು ವಾರ. ಒಂದೇ ತಿಂಗಳಲ್ಲಿ ಇಪ್ಪತ್ತೆಂಟು ದಿನ ಮುಗಿಸಿದರೆ ಕಡತ ಚಲಿಸುವುದನ್ನು ಅವರು ನೋಡುವುದೇ ಇಲ್ಲ. ಹದಿನಾಲ್ಕು ವಾರವಾದರೆ ವಾರ್ಡ್ ಸಭೆ, ಗ್ರಾಮ ಸಭೆ, ಎರಡೋ ಮೂರೋ ಸಾಮಾನ್ಯ ಸಭೆಗಳು ಕಣ್ಣೆದುರು ನಡೆಯುತ್ತವೆ. ಮಳೆಯ ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ರಜೆ ಘೋಷಿಸುವ ದಿನಗಳಿಗಾಗಿ ಎರಡು ವಾರ ಹೆಚ್ಚುವರಿ ಇಟ್ಟುಕೊಳ್ಳಬೇಕು. ಮೊದಲ ಮೂರು ವಾರ ಕಚೇರಿ ಹೇಳಿದ ಕೆಲಸ ಮಾತ್ರ: ವಹಿ ನಕಲು, ಅರ್ಜಿ ವಿಂಗಡಣೆ, ನಡವಳಿ ಟೈಪ್ ಮಾಡುವುದು, ಹೊಸ ಸದಸ್ಯರ ಪಕ್ಕ ಕುಳಿತು ಆಯವ್ಯಯ ಓದಿ ಹೇಳುವುದು. ಆ ಮೂರು ವಾರ ಪ್ರಶ್ನೆ ಕೇಳುವಂತಿಲ್ಲ. ನಾಲ್ಕನೆಯ ವಾರದಲ್ಲಿ ಪಿಡಿಒ ಮತ್ತು ವಿದ್ಯಾರ್ಥಿಗಳು ಸೇರಿ ಒಂದೇ ಒಂದು ಸಮಸ್ಯೆಯನ್ನು ಆರಿಸುತ್ತಾರೆ, ಕೊನೆಗೆ ಅದರ ಮೇಲೆ ಒಂದೇ ಪುಟದ ಟಿಪ್ಪಣಿ ಸಲ್ಲಿಕೆಯಾಗುತ್ತದೆ. ಇಬ್ಬರನ್ನು ಹೇಗೆ ಜೋಡಿಸುತ್ತೇನೆ, ಸಮಸ್ಯೆ ಆರಿಸುವ ಆ ಒಂದು ಗಂಟೆಯ ಮಾತುಕತೆಗೆ ಯಾವ ಹಾಳೆಯನ್ನು ಮುಂದಿಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಏಳು ಬಾರಿ ತಿದ್ದಿದ ಹಾಳೆ, ಇನ್ನೂ ಒಂದು ವರ್ಷ ನನ್ನ ಬಳಿಯೇ ಇರಲಿ.

ಒಂದು ಜೋಡಿಯ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕರಾವಳಿಗೆ ಹೊಂದಿಕೊಂಡ ಒಂದು ಪಂಚಾಯತ್‌ನಲ್ಲಿ ನೀರಿನ ಶುಲ್ಕದ ಬಾಕಿ ಒಂದೂವರೆ ಲಕ್ಷ ದಾಟಿತ್ತು. ಕಾಲನಿಯವರು ಕಟ್ಟುವುದಿಲ್ಲ, ಅದೇ ಕಾರಣ ಎಂದು ಸಭೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಮ್ಮ ಹುಡುಗಿಯರಿಬ್ಬರು ಡಿಸಿಬಿ ವಹಿಯನ್ನು, ಅಂದರೆ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕವನ್ನು, ನಾಲ್ಕು ನೂರಕ್ಕೂ ಹೆಚ್ಚು ಸಾಲುಗಳನ್ನು, ಕೈಯಿಂದಲೇ ನಕಲು ಮಾಡಿದರು. ಕಂಪ್ಯೂಟರ್‌ನಿಂದ ಪಟ್ಟಿ ತೆಗೆಯಬಹುದಿತ್ತು. ಕೈಯಲ್ಲಿ ಬರೆಯಬೇಕೆಂದು ಹೇಳಿದವನು ನಾನು, ಏಕೆಂದರೆ ಒಂದೇ ಹೆಸರು ಮೂರನೆಯ ಬಾರಿ ಬಂದಾಗ ಕೈ ತಾನಾಗಿ ನಿಲ್ಲುತ್ತದೆ. ಹಾಗೆಯೇ ಆಯಿತು. ಬಾಕಿಯ ಮುಕ್ಕಾಲು ಪಾಲು ಮೂವತ್ತೇಳು ಮನೆಗಳದ್ದಾಗಿತ್ತು. ಪಂಪ್ ಆಪರೇಟರ್ ಜೊತೆ ಆ ಮನೆಗಳಿಗೆ ನಡೆದುಹೋದರೆ ಹೆಚ್ಚಿನವುಗಳಿಗೆ ಬೀಗ ಬಿದ್ದಿತ್ತು. ಮನೆಯವರು ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇದ್ದು, ದೈವದ ನೇಮ ಅಥವಾ ಮದುವೆಗೆಂದು ವರ್ಷಕ್ಕೊಮ್ಮೆ ಬರುವವರು, ಬಿಲ್ ಮಾತ್ರ ತಿಂಗಳು ತಿಂಗಳು ಜಗಲಿಯ ಮೇಲೆ ಬೀಳುತ್ತಿತ್ತು. ಕಾಲನಿಯ ಬಾಕಿ ಒಟ್ಟು ಹನ್ನೆರಡು ಸಾವಿರವೂ ಇರಲಿಲ್ಲ. ನೆರೆಮನೆಯವರಿಂದ ಫೋನ್ ನಂಬರ್ ಪಡೆದು ಬಿಲ್ಲನ್ನು ವಾಟ್ಸ್‌ಆಪ್‌ನಲ್ಲಿ ಕಳುಹಿಸಲು ಸಭೆ ನಿರ್ಣಯ ಮಾಡಿತು. ಮುಂದಿನ ನಾಲ್ಕು ತಿಂಗಳಲ್ಲಿ ತೊಂಬತ್ತು ಸಾವಿರದ ಆಸುಪಾಸು ವಸೂಲಾಯಿತು. ಕಾಲನಿಯ ಮೇಲಿನ ಆ ಮಾತು ಅಲ್ಲಿಗೆ ನಿಂತಿತು, ಮತ್ತು ನನಗೆ ವಸೂಲಿಗಿಂತ ಅದೇ ದೊಡ್ಡ ಕೆಲಸವಾಗಿ ಕಾಣುತ್ತದೆ.

ಒಂದು ಪುಟದ ಟಿಪ್ಪಣಿ ಬರೆಯಿಸುವುದೇ ಹದಿನಾಲ್ಕು ವಾರಗಳಲ್ಲಿ ಅತಿ ಕಷ್ಟದ ಭಾಗ. ಇದೇ ಜೋಡಿಯ ಮೊದಲ ಕರಡು "ನೀರು ಪ್ರಕೃತಿಯ ಅಮೂಲ್ಯ ಕೊಡುಗೆ" ಎಂದು ಆರಂಭವಾಗಿತ್ತು. ಐದನೆಯ ಕರಡಿನ ಮೊದಲ ಸಾಲು ಹೀಗಿತ್ತು: "ಬೀಗ ಹಾಕಿರುವ ಮನೆಗಳ ನೀರಿನ ಬಿಲ್ಲನ್ನು ಮುಂದಿನ ತಿಂಗಳಿನಿಂದ ಫೋನ್ ಮೂಲಕ ಕಳುಹಿಸಲು ಸಾಮಾನ್ಯ ಸಭೆಯ ಒಪ್ಪಿಗೆ ಕೋರಿದೆ." ಯಾರು, ಏನನ್ನು, ಯಾವಾಗ ನಿರ್ಧರಿಸಬೇಕು ಎಂಬುದು ಮೊದಲ ಸಾಲಿನಲ್ಲಿ ಬರಬೇಕು. ನಂತರ ವಹಿಯ ಅಂಕಿ, ನಂತರ ಖರ್ಚು ಮತ್ತು ಅದು ಯಾವ ಲೆಕ್ಕಶೀರ್ಷಿಕೆಯಿಂದ, ಅಂದರೆ ಯಾವ ಬಾಬ್ತಿನ ಹಣದಿಂದ, ಎಂಬುದು, ಕೊನೆಗೆ ಯಾರು ಏನೆಂದು ಆಕ್ಷೇಪಿಸಬಹುದು ಎಂಬ ಎರಡು ಸಾಲು. 2018ರಲ್ಲಿ ಆ ಪಿಡಿಒ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಈ ಪುಟವೇ.

ಲೆಕ್ಕಶೀರ್ಷಿಕೆಯ ಪಾಠವನ್ನು ನಾವು ಸೋತು ಕಲಿತೆವು. ಒಂದು ಜೋಡಿ ಪಂಪ್ ಆಪರೇಟರ್ ಸಂಬಳದ ಕೊರತೆಯನ್ನು 15ನೇ ಹಣಕಾಸು ಆಯೋಗದ ಅನುದಾನದಿಂದ ತುಂಬಬೇಕೆಂದು ಚೆನ್ನಾಗಿಯೇ ಬರೆದಿತ್ತು, ನಾನೂ ಮೆಚ್ಚಿ ಸಹಿ ಹಾಕಿದ್ದೆ. ಲೆಕ್ಕ ಸಹಾಯಕಿ ಓದಿ, ಪೆನ್ಸಿಲ್‌ನಲ್ಲಿ "ವೇತನಕ್ಕೆ ಅವಕಾಶವಿಲ್ಲ" ಎಂದು ಬರೆದು ಹಿಂದಿರುಗಿಸಿದರು. ಆ ಅನುದಾನದ ಶೇ. 60 ಭಾಗ ನಿರ್ಬಂಧಿತ, ಅಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮಾತ್ರ ಬಳಸಬೇಕಾದದ್ದಾಗಿತ್ತು, ಉಳಿದ ಶೇ. 40 ಅನಿರ್ಬಂಧಿತವಾದರೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಇದು ನನಗೆ ಗೊತ್ತಿರಬೇಕಿತ್ತು. ಈಗ ಪ್ರತಿ ಟಿಪ್ಪಣಿಯೂ ನನ್ನ ಬಳಿಗೆ ಬರುವ ಮೊದಲು ಲೆಕ್ಕ ಸಹಾಯಕರ ಮೇಜಿಗೆ ಹೋಗುತ್ತದೆ. ನಮ್ಮ ಮಕ್ಕಳಿಗೆ ನನಗಿಂತ ಹೆಚ್ಚು ಕಲಿಸಿದವರು ಆ ಮೇಜಿನವರು ಎಂದು ನಾನು ಸಂತೋಷದಿಂದ ಹೇಳುತ್ತೇನೆ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. 2022ರಲ್ಲಿ ಒಂದು ವಾರ್ಡಿನ ಮನೆಗಳಲ್ಲಿ ಅರ್ಧಕ್ಕೆ ಗ್ರಂಥಸ್ಥ ಕನ್ನಡದಲ್ಲಿ, ಉಳಿದರ್ಧಕ್ಕೆ ತುಳುವಿನಲ್ಲಿ ಅದೇ ಪ್ರಶ್ನೆಗಳನ್ನು ಕೇಳಿಸಿದೆ. "ನೀರು ಸರಬರಾಜು ತೃಪ್ತಿಕರವಾಗಿದೆಯೇ?" ಎಂದಾಗ ಬಹುತೇಕ ಎಲ್ಲರೂ ಹೌದೆಂದರು. "ಅಕ್ಕ, ನೀರ್ ಏಪ ಬರ್ಪುಂಡು?" (ನೀರು ಯಾವಾಗ ಬರುತ್ತದೆ?) ಎಂದು ಕೇಳಿದ ಮನೆಗಳಲ್ಲಿ ಒಬ್ಬಾಕೆ ವಿದ್ಯಾರ್ಥಿನಿಯನ್ನು ಬಾವಿಕಟ್ಟೆಯವರೆಗೆ ಕರೆದೊಯ್ದು, ಮಾರ್ಚ್ ಬಂದರೆ ಉಪ್ಪಾಗುವ ಬಾವಿಯ ನೀರನ್ನು ಲೋಟದಲ್ಲಿ ಕೊಟ್ಟರು. ಕುಂದಾಪುರದ ಕಡೆಯ ಪಂಚಾಯತ್‌ನಲ್ಲಿ ಕುಂದಾಪ್ರ ಕನ್ನಡದಲ್ಲಿ ಕೇಳಿಸಿದಾಗಲೂ ಅದೇ ಅನುಭವವಾಯಿತು. ಫೋನ್‌ನಲ್ಲಿ ಧ್ವನಿಮುದ್ರಣ ಮಾಡುವ ಪ್ರಯೋಗವನ್ನು ಮಾತ್ರ ಎರಡೇ ದಿನಕ್ಕೆ ನಿಲ್ಲಿಸಿದೆ. ಫೋನ್ ಮೇಲೆತ್ತಿದ ಕೂಡಲೇ ಜನ ಮಾತು ನಿಲ್ಲಿಸುತ್ತಿದ್ದರು.

ಮಲ್ಪೆಯ ಪ್ರಯತ್ನ ಕೈಗೂಡಲಿಲ್ಲ. ಜೂನ್ ಮತ್ತು ಜುಲೈ ತಿಂಗಳುಗಳ ಅರುವತ್ತೊಂದು ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಮೀನು ಮಾರುವ ಮಹಿಳೆಯರ ಆದಾಯ ಏನಾಗುತ್ತದೆ ಎಂಬ ವಿಷಯ ಒಳ್ಳೆಯದೇ. ಆದರೆ ಊರು ನಗರಸಭೆಗೆ ಸೇರಿದ್ದು, ಬಂದರು ಮೀನುಗಾರಿಕೆ ಇಲಾಖೆಯ ಕೈಯಲ್ಲಿ, ಸಾಲ ಸಹಕಾರಿ ಸಂಘಗಳಿಂದ. ಹೀಗಾಗಿ ಟಿಪ್ಪಣಿಯ ಮೊದಲ ಸಾಲಿನಲ್ಲಿ ಯಾರ ಹೆಸರು ಬರೆಯಬೇಕೆಂಬುದೇ ಹದಿನಾಲ್ಕು ವಾರಗಳಲ್ಲಿ ತೀರ್ಮಾನವಾಗಲಿಲ್ಲ. ಅಂಥ ವಿಷಯಗಳನ್ನು ಈಗ ಸ್ನಾತಕೋತ್ತರದವರಿಗೆ ಬಿಟ್ಟಿದ್ದೇನೆ. ನಿಟ್ಟೆಯ ಒಣತ್ಯಾಜ್ಯ ವಿಂಗಡಣಾ ಘಟಕಕ್ಕೆ ಒಂದು ದಿನ ಎಲ್ಲರನ್ನೂ ಕರೆದೊಯ್ದದ್ದಕ್ಕೆ ವಾಹನದ ಬಾಡಿಗೆ ಮೂರೂವರೆ ಸಾವಿರವಾಯಿತು. ಮನೆಮನೆಯಿಂದ ಸಂಗ್ರಹಿಸಿದ ಕಸ ಬೆಲ್ಟ್ ಮೇಲೆ ಸಾಗುವುದನ್ನು, ಅದನ್ನು ಕೈಯಿಂದ ಬೇರ್ಪಡಿಸುವ ಮಹಿಳೆಯರನ್ನು ಕಂಡ ಮೇಲೆ ತ್ಯಾಜ್ಯದ ಟಿಪ್ಪಣಿಗಳ ಭಾಷೆಯೇ ಬದಲಾಯಿತು. ಆ ಖರ್ಚಿಗೆ ಬೆಲೆಯಿದೆ.

ಈಗ ಹಣದ ಲೆಕ್ಕ. ಹನ್ನೆರಡು ವಿದ್ಯಾರ್ಥಿಗಳು, ಆರು ಪಂಚಾಯತ್‌ಗಳ ಒಂದು ತಂಡಕ್ಕೆ ಹತ್ತೊಂಬತ್ತು ಸಾವಿರದಷ್ಟು ತಗಲುತ್ತದೆ. ಇದರಲ್ಲಿ ದೊಡ್ಡ ಪಾಲು ಬಸ್ಸಿನದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಹುಡುಗಿಯರ ಖರ್ಚು ಉಳಿಯಿತೆಂದು ಬೇರೆ ಜಿಲ್ಲೆಯ ಮಿತ್ರರು ಹೇಳಿದರು. ನಮ್ಮ ಒಳರಸ್ತೆಗಳಲ್ಲಿ ಓಡುವುದು ಖಾಸಗಿ ಬಸ್ಸುಗಳಾದ್ದರಿಂದ ಟಿಕೆಟ್ ತಪ್ಪಲಿಲ್ಲ. ಹೋಗಿ ಬರಲು ದಿನಕ್ಕೆ ನಲವತ್ತೈದರಂತೆ ಇಪ್ಪತ್ತೆಂಟು ದಿನಕ್ಕೆ ಒಬ್ಬರಿಗೆ ಸಾವಿರದ ಇನ್ನೂರೈವತ್ತರಿಂದ ಮುನ್ನೂರು. ಇದನ್ನು ಮುಂಗಡವಾಗಿ ವಿದ್ಯಾರ್ಥಿಯ ಕೈಗೇ ಕೊಡುತ್ತೇನೆ. ಬಿಲ್ ತಂದ ಮೇಲೆ ಕೊಡುತ್ತೇನೆ ಎಂದ ವರ್ಷ ಮೂವರು ಐದನೆಯ ವಾರಕ್ಕೆ ಬರುವುದನ್ನೇ ನಿಲ್ಲಿಸಿದ್ದರು. ಹಣ ಕೊಡುವವರು ನಾಲ್ವರು ಹಳೆಯ ವಿದ್ಯಾರ್ಥಿಗಳು ಮತ್ತು ಒಂದು ಸಹಕಾರಿ ಸಂಘ. ಸಂಘದ ಆಡಳಿತ ಮಂಡಳಿಗೂ ನಾವು ಒಂದೇ ಪುಟದ ಮನವಿ ಕೊಟ್ಟಿದ್ದೆವು, ಅದನ್ನು ಬರೆದವರು ನೀರಿನ ಬಾಕಿಯ ಆ ಜೋಡಿ.

ಇಲ್ಲಿಯವರೆಗೆ ಸಲ್ಲಿಕೆಯಾದ ಟಿಪ್ಪಣಿಗಳು ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು, ಅವುಗಳಲ್ಲಿ ಹನ್ನೊಂದರ ಮೇಲೆ ಸಾಮಾನ್ಯ ಸಭೆ ನಿರ್ಣಯ ಮಾಡಿದೆ. ಬಿ.ಎ. ತರಗತಿಯ ಮಕ್ಕಳಿಂದ ಇಷ್ಟು ನಿರ್ಣಯಗಳು ಬಂದ ಇನ್ನೊಂದು ಕಾಲೇಜನ್ನು ನಾನು ನಮ್ಮ ಭಾಗದಲ್ಲಿ ಕಂಡಿಲ್ಲ. ನೀರಿನ ಬಾಕಿಯ ಜೋಡಿಯಲ್ಲಿ ಒಬ್ಬಳು ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದ್ದಾಳೆ. ಸಂದರ್ಶನದಲ್ಲಿ ಅವಳು ಮುಂದಿಟ್ಟದ್ದು ಪ್ರಮಾಣಪತ್ರವನ್ನಲ್ಲ, ಕೈಬರಹದ ಆ ಡಿಸಿಬಿ ನಕಲನ್ನು. ಇನ್ನೊಬ್ಬಳು ಮಂಗಳೂರಿನ ಲೆಕ್ಕಪರಿಶೋಧನಾ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದಾಳೆ.

2020ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ ಐದು ವರ್ಷಗಳದು. ಮುಂದೆ ಬರುವ ಹೊಸ ಸದಸ್ಯರಿಗಾಗಿ, ಆಯವ್ಯಯವನ್ನು ತುಳುವಿನಲ್ಲಿ ಓದಿ ವಿವರಿಸುವ ಎರಡು ಗಂಟೆಗಳ ಪಾಠವನ್ನು ಈ ವರ್ಷದ ತಂಡ ಸಿದ್ಧಪಡಿಸುತ್ತಿದೆ. "ನಿರ್ಬಂಧಿತ ಅನುದಾನ" ಎಂಬುದಕ್ಕೆ ತುಳುವಿನಲ್ಲಿ ಏನನ್ನಬೇಕೆಂದು ಕಳೆದ ಶನಿವಾರ ಇಡೀ ಮಧ್ಯಾಹ್ನ ಚರ್ಚೆಯಾಯಿತು, ಇನ್ನೂ ಒಪ್ಪಿಗೆಯಾಗಿಲ್ಲ.